ಜಿಲೇಬಿಗೆ ಕೂಳಿ

ಬಿಳಿಗೆರೆಯಲ್ಲಿ ಬಲೆ ಒಡ್ಡಲು ಬಾರದ ತೆಂಗಿನ ರೈತ ಅಪರೂಪ. ತೋಟಕ್ಕೆ ಹೋದರೆ ಕೆಂಪು ಮೂತಿ ಹುಳುವಿಗೆಂದು ಬಕೆಟ್ಟು ಕಟ್ಟಿರುತ್ತಾರೆ, ಅದರೊಳಗೆ ಹುಳುವಿನದೇ ವಾಸನೆಯ ಪೊಟ್ಟಣ. ನೆಂಟರೆಲ್ಲ ಸೇರಿದ್ದಾರೆಂದು ನಂಬಿ ಬಂದ ಹುಳು ನೀರಿಗೆ ಬಿದ್ದು ಹೆಣವಾಗುತ್ತದೆ. ಗರಿಯ ಹಸಿರು ಕೆರೆದು ತಿನ್ನುವ ಕಪ್ಪು ತಲೆ ಹುಳುವಿನ ಮೇಲೆ ಗೋನಿಯೋಜಸ್ ಅನ್ನುವ ಪುಟ್ಟ ಪರೋಪಜೀವಿಯನ್ನು ಛೂ ಬಿಡುವುದೂ ಗೊತ್ತು. ಇಂಥ ಯುದ್ಧಗಳನ್ನೆಲ್ಲ ಗೆದ್ದ ನಮ್ಮ ಭಾವ, ಮೂರಡಿ ಗಾಜಿನ ತೊಟ್ಟಿಯಲ್ಲಿ ಕಣ್ಣೆದುರೇ ಓಡಾಡುವ ಅಂಗೈ ಅಗಲದ ಮೀನೊಂದನ್ನು ಹಿಡಿಯಲಾರದೆ ಕೂತಿದ್ದರು ಅಂದರೆ ಹೊರಗಿನವರು ನಂಬಲಿಕ್ಕಿಲ್ಲ. ಊರಿನವರು ನಂಬಿದರು. ಬಹಳ ಸಂತೋಷದಿಂದ ನಂಬಿದರು.

ತೊಟ್ಟಿ ಮೊದಲು ಶಾಂತವಾಗಿಯೇ ಇತ್ತು. ಬಾವಿಯಿಂದ ತಂದ ಗಪ್ಪಿಗಳಿದ್ದವು. ಸೊಳ್ಳೆ ಮರಿ ತಿಂದು ಮಲೇರಿಯಾ ತಡೆಯಲಿ ಅಂತ ಆರೋಗ್ಯ ಇಲಾಖೆಯವರು ಹಳ್ಳಿ ಬಾವಿಗಳಿಗೆ ಬಿಟ್ಟಿದ್ದರಲ್ಲ, ಆ ಸರ್ಕಾರಿ ವಂಶ. ಜೊತೆಗೆ ಒಂದು ಜೋಡಿ ಗೋಲ್ಡ್ ಫಿಷ್, ಒಂದು ಪ್ಲಾಸ್ಟಿಕ್ ಕೋಟೆ, ಗುಳ್ಳೆ ಬಿಡುವ ಮೋಟಾರು. ಇದಕ್ಕೆ ನನ್ನ ಸೋದರಳಿಯ ಊರ ಕೆರೆಯಿಂದ ಚೊಂಬಿನಲ್ಲಿ ಒಂದು ಮರಿ ತಂದು ಬಿಟ್ಟ. ಜಿಲೇಬಿ ಮೀನು. ಪುಸ್ತಕದವರು ತಿಲಾಪಿಯಾ ಅನ್ನುತ್ತಾರೆ. ಮೊಜಾಂಬಿಕ್ ಕಡೆಯ ಈ ಆಸಾಮಿಯನ್ನು 1952ರಲ್ಲಿ ಬಡವರ ಊಟಕ್ಕಾಗಲಿ ಅಂತ ಭಾರತಕ್ಕೆ ಕರೆಸಿಕೊಂಡರು. ಬಂದ ನೆಂಟ ಪಹಣಿಯಲ್ಲೇ ಹೆಸರು ಸೇರಿಸಿಕೊಂಡ. ಹೆಣ್ಣು ಮೊಟ್ಟೆಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುತ್ತದೆ, ವರ್ಷದಲ್ಲಿ ಹಲವು ಬಾಣಂತನ. ಕೆರೆಯ ಹಳೇ ನಿವಾಸಿಗಳಾದ ಗೆಂಡೆ, ಪಕ್ಕೆಗಳಿಗೆ ಇಂಥ ಸಂಸಾರದ ಮುಂದೆ ಎಲ್ಲಿಯ ಜಾಗ?

ಭಾವನ ಪಾಲಿಗೆ ಬಂದದ್ದು ಗಂಡು. ಪ್ರಾಯಕ್ಕೆ ಬಂದದ್ದೇ ಮೈಯೆಲ್ಲ ಕಪ್ಪು ಕೋಟು, ಗಂಟಲ ಕೆಳಗೆ ಬಿಳಿ, ರೆಕ್ಕೆಯಂಚಿಗೆ ಕೆಂಪು ಜರಿ. ಥೇಟ್ ಆರತಕ್ಷತೆಗೆ ನಿಂತ ಮದುವೆ ಗಂಡು. ಗಂಡು ಜಿಲೇಬಿ ಬಾಯಿಂದಲೇ ಗುಂಡಿ ತೋಡಿ ಮನೆ ಕಟ್ಟಿ, ಆಮೇಲೆ ಹೆಣ್ಣಿಗೆ ಕಾಯುತ್ತದೆ. ಭಾವ ಮಂಡಿಯೂರಿ ಜೋಡಿಸಿದ್ದ ಬಿಳಿಕಲ್ಲುಗಳೆಲ್ಲ ಒಂದು ಮೂಲೆಗೆ ಬಂದವು, ಗಿಡಗಳು ಬೇರುಸಮೇತ ತೇಲಿದವು, ಕೋಟೆ ವಾಲಿತು. ಸೈಟು ರೆಡಿ, ಮನೆ ರೆಡಿ, ಹೆಣ್ಣಿಲ್ಲ. ತೋಟ ನೋಡಿಕೊಂಡು ಊರಲ್ಲೇ ಇರುವ ಗಂಡುಗಳಿಗೆ ಹೆಣ್ಣು ಸಿಗದ ಕಾಲ ಇದು. 2023ರಲ್ಲಿ ಮಂಡ್ಯದ ಕಡೆಯ ಹುಡುಗರು ಹೆಣ್ಣು ಕೊಡಿಸಪ್ಪಾ ಅಂತ ಮಾದಪ್ಪನ ಬೆಟ್ಟಕ್ಕೇ ನಡೆದುಹೋದರು. ಜಿಲೇಬಿಗೆ ಕಾಲಿಲ್ಲವಾದ್ದರಿಂದ ಅದು ಸಿಟ್ಟನ್ನು ಗೋಲ್ಡ್ ಫಿಷ್‌ಗಳ ಬಾಲದ ಮೇಲೆ ತೀರಿಸಿಕೊಂಡಿತು. ಗಪ್ಪಿ ಮರಿಗಳು ದಿನಾ ಕಡಿಮೆಯಾಗುತ್ತಿದ್ದವು, ಎಲ್ಲಿ ಹೋದವೆಂದು ಯಾರೂ ಕೇಳಲಿಲ್ಲ.

ಬಲೆಸೌಟು ಕೈಗೆತ್ತಿಕೊಂಡರೆ ಅದು ಕೋಟೆಯೊಳಗೆ. ಕೋಟೆ ಎತ್ತಿದರೆ ಮೋಟಾರಿನ ಹಿಂದೆ. ನೀರೆಲ್ಲ ಬಸಿದು ಹಿಡಿಯಿರಿ ಅಂದೆ. "ನೀನು ಬೆಂಗಳೂರಿನವನು, ನಿನಗೆ ನೀರು ಅಂದ್ರೆ ಟ್ಯಾಂಕರು ಕಣಯ್ಯಾ. ತೊಟ್ಟಿ ನೀರು ಹದಕ್ಕೆ ಬರೋದು ಎಷ್ಟು ಕಷ್ಟ ಗೊತ್ತಾ?" ಅಂದರು. ಅವರ ಮಾತಿನಲ್ಲಿ ಸತ್ಯವಿದೆ. ಹಳೇ ನೀರನ್ನೂ ಕಲ್ಲನ್ನೂ ಒಟ್ಟಿಗೇ ತೊಳೆದರೆ ಮೀನಿನ ಕೊಳೆ ಅರಗಿಸುವ ಬ್ಯಾಕ್ಟೀರಿಯಾ ಹೋಗಿ, ಉಳಿದವಕ್ಕೂ ಕುತ್ತು.

ಹಾಗಾಗಿ ಬೋನು. ಮೊದಲನೆಯದು ಮೊಬೈಲಿನಲ್ಲಿ ನೋಡಿ ಮಾಡಿದ್ದು: ಕೂಲ್ ಡ್ರಿಂಕ್ಸ್ ಬಾಟಲಿಯ ಕತ್ತು ಕೊಯ್ದು, ತಿರುಗಿಸಿ ಅದರೊಳಕ್ಕೇ ತುರುಕುವುದು. ಉಪಾಯ ಸರಳ. ಒಳಗೆ ಹೋದ ಮೀನು ಗೋಡೆಗುಂಟ ಸುತ್ತುತ್ತದೆ, ನಟ್ಟನಡುವಿನ ತೂತು ಅದರ ಕಣ್ಣಿಗೆ ಬೀಳುವುದಿಲ್ಲ. ಆದರೆ ಬಾಟಲಿಯ ಬಾಯಿ ಹೆಬ್ಬೆರಳಿನಷ್ಟು, ಜಿಲೇಬಿ ಅಂಗೈಯಷ್ಟು. ಬೆಳಿಗ್ಗೆ ನೋಡಿದರೆ ಗಪ್ಪಿಗಳೆಲ್ಲ ಒಳಗೆ, ಜಿಲೇಬಿ ಹೊರಗೆ ಕಾವಲು. ಗಪ್ಪಿಗಳು ಬಹುಶಃ ತಮಗೇ ಕಟ್ಟಿಸಿದ ಆಶ್ರಯ ಮನೆ ಅಂದುಕೊಂಡಿರಬೇಕು, ಬಿಡಿಸಿದರೂ ವಾಪಸ್ಸು ಹೋಗುತ್ತಿದ್ದವು.

ಆಗ ಜಗಲಿಗೆ ಬಂದವರು ಪಕ್ಕದ ಬೀದಿಯ ಅಜ್ಜ. "ಅಯ್ಯೋ ಮಗಾ, ಮಳೆಗಾಲ್ದಾಗೆ ಕೋಡಿ ನೀರಿಗೆ ಕೂಳಿ ಇಕ್ತಿದ್ವಿ. ಬಿದಿರು ಕಡ್ಡಿ ತುದಿ ಒಳಮುಖ ಇರ್ಬೇಕು. ಹೋಗೋವಾಗ ಬಾಗ್ತೈತೆ, ಬರೋವಾಗ ಚುಚ್ತೈತೆ" ಅಂದರು. ಮೊಬೈಲಿನವರು ಬಾಟಲಿ ಕೊಯ್ದು ತೋರಿಸಿದ ವಿದ್ಯೆಯನ್ನು ನಮ್ಮ ಹಿರಿಯರು ಬಿದಿರಿನಲ್ಲಿ ಹೆಣೆದಿಟ್ಟಿದ್ದರು. ಬಿದಿರಿಲ್ಲದಿದ್ದರೇನು, ತೆಂಗಿನ ಸೀಮೆಯಲ್ಲಿ ಕಡ್ಡಿಗೆ ಬರವೇ? ಭಾವ ತೋಟದ ತನಕ ಹೋಗುವ ಶ್ರಮ ಉಳಿಸಿ, ಅಕ್ಕನ ಕಡ್ಡಿ ಪೊರಕೆ ಬಿಚ್ಚಿದರು. ಅಂಗಡಿಯ ಪೆಪ್ಪರಮೆಂಟ್ ಡಬ್ಬಕ್ಕೆ ಕಾದ ಮೊಳೆಯಿಂದ ತೂತು ಹೊಡೆದು, ಬಾಯಿಗೆ ಗರಿಕಡ್ಡಿಯ ಕೊಳವೆ ಕಟ್ಟಿದರು. ಕಟ್ಟಿದ್ದು ಹೊಸ ತೆಂಗಿನ ಹುರಿಯಿಂದ. ಸಂಜೆಗೆ ನೀರೆಲ್ಲ ಟೀ ಬಣ್ಣ. ಹಸಿ ನಾರು ಒಗರು ಬಿಡುತ್ತದೆ ಅಂತ ತೆಂಗು ಬೆಳೆಯುವವರಿಗೆ ನಾನು ಹೇಳಬೇಕೆ? ನೈಲಾನ್ ದಾರ ಬಂತು.

ಇನ್ನು ಮೇವು. ಇದರಲ್ಲಿ ಇಡೀ ಬೀದಿಯೇ ಪಂಡಿತರು. ಎರೆಹುಳು, ಕಡಲೆಕಾಯಿ ಹಿಂಡಿ, ರಾಗಿಮುದ್ದೆ ಎಂದು ಮೂರು ಪಕ್ಷವಾದವು. ಭಾವ ಕಲ್ಪತರು ನಾಡಿನ ಮಾನ ಕಾಯಲು ಉಂಡೆ ಕೊಬ್ಬರಿಯ ಚೂರು ಹಾಕಿದರು. ವರ್ಷದ ಹತ್ತಿರ ಅಟ್ಟದ ಮೇಲೆ ಒಣಗಿ ತಿಪಟೂರು ಮಾರುಕಟ್ಟೆಗೆ ಹೋಗಬೇಕಾದ ಮಾಲು! ಅದರ ಎಣ್ಣೆ ನೀರ ಮೇಲೆ ಹಬ್ಬಿ, ಗಪ್ಪಿಗಳು ಉಸಿರಿಗಾಗಿ ಬಾಯಿ ಬಿಡತೊಡಗಿದವು. ಜಿಲೇಬಿ ಕೊಬ್ಬರಿಯನ್ನು ತಿರುಗಿಯೂ ನೋಡಲಿಲ್ಲ. ನಾಡದ್ರೋಹಿ. ಹಿಂಡಿಯನ್ನು ಮಾತ್ರ, ಡಬ್ಬದ ತೂತಿನಿಂದ ಉದುರಿದ್ದಷ್ಟನ್ನು ಹೊರಗೇ ಮೇಯ್ದು ಇನ್ನಷ್ಟು ದಪ್ಪವಾಯಿತು.

ಅದಕ್ಕೆ ಹಸಿವಿದ್ದರಲ್ಲವೇ? ಅದರ ತಲೆಯಲ್ಲಿದ್ದದ್ದು ಆಸ್ತಿ. ಈ ಜಾತಿಯ ಗಂಡಿಗೆ ಕನ್ನಡಿ ತೋರಿಸಿದರೆ, ಒಳಗಿರುವುದು ದಾಯಾದಿ ಅಂತ ಮೈ ಉಬ್ಬಿಸಿ ಮೇಲೆ ಬೀಳುತ್ತದೆ. ಇದನ್ನು ಕಂಡುಹಿಡಿದವನು ಸೋದರಳಿಯ, ಅದೂ ಗಾಜಿಗೆ ಕನ್ನಡಿ ಹಿಡಿದು ಕೀಟಲೆ ಮಾಡುವಾಗ. ಭಾವನಿಗೆ ತಕ್ಷಣ ಹೊಳೆಯಿತು. ಬದುವಿನ ತಕರಾರಿನಲ್ಲಿ ತಾಲ್ಲೂಕು ಕೋರ್ಟು ಸುತ್ತಿದವರಿಗೆ ಇಂಥ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಕಾಯಿ ಹೊರುವ ಹಳೇ ಟಿವಿಎಸ್ ಗಾಡಿಯ ಕನ್ನಡಿ ಕಳಚಿ, ಕೂಳಿಯ ಒಳತುದಿಗೆ ನಿಲ್ಲಿಸಿದರು. ಜಿಲೇಬಿ ದೂರದಿಂದ ನೋಡಿತು. ತನ್ನದೇ ಕಪ್ಪು ಕೋಟು, ತನ್ನದೇ ಕೆಂಪಂಚು ತೊಟ್ಟ ಇನ್ನೊಬ್ಬ! ಗರಿಕಡ್ಡಿಗಳನ್ನು ಸರ್ರನೆ ಸವರಿಕೊಂಡು ಒಳನುಗ್ಗಿ ಕನ್ನಡಿಗೆ ಗುದ್ದಿತು. ಭಾವ ದಾರ ಎಳೆದರು. ನೀರಿನಿಂದ ಮೇಲೆದ್ದ ಮೇಲೂ ಅದು ಗುದ್ದುತ್ತಲೇ ಇತ್ತು, ಎದುರಾಳಿ ಒಂದು ಹೆಜ್ಜೆಯೂ ಹಿಂದೆ ಸರಿದಿರಲಿಲ್ಲವಲ್ಲ.

ಜಗಲಿಯಲ್ಲಿ ಕೂತವರಲ್ಲಿ ಒಬ್ಬರು ಮಸಾಲೆಯ ಮಾತೆತ್ತಿದರು. ಅಕ್ಕನ ಅಡುಗೆಮನೆ ಮೀನು ಕಾಣದ್ದು, ಸಾಲದ್ದಕ್ಕೆ ಸೋದರಳಿಯ ಅಳಲು ಶುರುಮಾಡಿದ. ಕೊನೆಗೆ ತೋಟದ ಸಿಮೆಂಟು ತೊಟ್ಟಿಯಲ್ಲಿ ಸೊಳ್ಳೆ ಮರಿ ತಿಂದುಕೊಂಡಿರಲಿ ಅಂತ ತೀರ್ಪಾಯಿತು. ಕೆರೆಗೆ ಬಿಡೋಣವೆಂದು ಯಾರೂ ಅನ್ನಲಿಲ್ಲ. ಅಲ್ಲಿ ಆ ವಂಶದವರ ಬಲ ಈಗಾಗಲೇ ಸಾಕಷ್ಟಿದೆ.

ಕೂಳಿ ಮಾತ್ರ ಮನೆಗೆ ವಾಪಸ್ಸಾಗಿಲ್ಲ. ಮೀನು ಸಾಕುವ ಇನ್ನೊಂದು ಮನೆಯವರು ಒಯ್ದರು, ಅವರಿಂದ ಮತ್ತೊಬ್ಬರು. ಕನ್ನಡಿಯಿಲ್ಲದ ಗಾಡಿಯಲ್ಲಿ ಭಾವ ಹೆಮ್ಮೆಯಿಂದ ಓಡಾಡುತ್ತಾರೆ. ಅಕ್ಕ ತಿಪಟೂರಿನ ಅಂಗಡಿಯಿಂದ ಪ್ಲಾಸ್ಟಿಕ್ ಪೊರಕೆ ತರಿಸಿಕೊಂಡಿದ್ದಾಳೆ. ಸುತ್ತ ತೆಂಗಿನ ತೋಟವಿಟ್ಟುಕೊಂಡು ಪೊರಕೆಗೆ ದುಡ್ಡು ಕೊಟ್ಟ ಮನೆ ಬಿಳಿಗೆರೆಯಲ್ಲಿ ಇದೊಂದೇ ಅಂತ ಬಂದವರಿಗೆಲ್ಲ ಹೇಳುತ್ತಾಳೆ, ಭಾವ ಎದುರಿಗೆ ಕೂತಿದ್ದಾಗ ಸ್ವಲ್ಪ ಜೋರಾಗಿಯೇ ಹೇಳುತ್ತಾಳೆ.