ಕಮ್ಮಟ ಕಾಕಾ

ಕಮ್ಮಟ ಕಾಕಾ ಎಂಬುದು ಒಬ್ಬರ ಹೆಸರಲ್ಲ. ಗೋಕಾಕದಲ್ಲಿ ಒಬ್ಬರಿದ್ದಾರೆ, ಮೂಡಲಗಿಯಲ್ಲಿ ಒಬ್ಬರಿದ್ದಾರೆ, ಹುಕ್ಕೇರಿಯಲ್ಲಿ ಇಬ್ಬರಿದ್ದು ಪರಸ್ಪರ ಮಾತು ಬಿಟ್ಟಿದ್ದಾರೆ. ವಯಸ್ಸು ಐವತ್ತೈದರ ಆಚೀಚೆ. ಮಾಸ್ತರಿಕೆಯಿಂದಲೋ ಸೊಸಾಯಿಟಿಯ ಕಾರಕೂನಿಕೆಯಿಂದಲೋ ನಿವೃತ್ತಿಯಾಗಿರುತ್ತದೆ, ಇಲ್ಲವೇ ಹತ್ತಿರ ಬಂದಿರುತ್ತದೆ. ಬಗಲಲ್ಲಿ ಬಟ್ಟೆಯ ಚೀಲ, ಚೀಲದಲ್ಲಿ ಇನ್ನೂರು ಪುಟದ ನೋಟಬುಕ್ಕು, ಎರಡು ಪೆನ್ನು. ಒಂದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು. ಎರಡೂ ಇದುವರೆಗೆ ಕೈಕೊಟ್ಟಿಲ್ಲ. ಬರೆದರಲ್ಲವೇ ಶಾಯಿ ತೀರುವುದು?

ಕಥಾ ಕಮ್ಮಟ, ಕಾವ್ಯ ಕಮ್ಮಟ, ಲಲಿತ ಪ್ರಬಂಧ ಕಮ್ಮಟ, ಮಕ್ಕಳ ನಾಟಕ ಕಮ್ಮಟ, ಯಾವುದಾದರೂ ಸರಿ, ಕಾಕಾ ಹಾಜರು. ಮಕ್ಕಳ ಕಮ್ಮಟಕ್ಕೂ ಹೋಗಿ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತಿದ್ದುಂಟು. ಮೂಡಲಗಿ ಗೋಕಾಕದಿಂದ ಬೇರೆಯಾಗಿ ಹೊಸ ತಾಲೂಕಾದಾಗ ಜನ ತಹಶೀಲ್ದಾರ ಕಚೇರಿ ಬಂತೆಂದು ಖುಷಿಪಟ್ಟರು. ಕಾಕಾ ಖುಷಿಪಟ್ಟಿದ್ದು ಬೇರೆ ಲೆಕ್ಕಕ್ಕೆ: ಹೊಸ ತಾಲೂಕೆಂದರೆ ಸಾಹಿತ್ಯ ಪರಿಷತ್ತಿಗೆ ಇನ್ನೊಂದು ತಾಲೂಕು ಘಟಕ, ಇನ್ನೊಬ್ಬ ಅಧ್ಯಕ್ಷ, ಇನ್ನೊಂದು ಸಮ್ಮೇಳನ. ಅಷ್ಟಿದ್ದ ಮೇಲೆ ಕಮ್ಮಟ ತಾನಾಗಿ ಬರುತ್ತದೆ.

ಕಮ್ಮಟ ಎಂದರೆ ಹಳಗನ್ನಡದಲ್ಲಿ ಟಂಕಸಾಲೆ, ನಾಣ್ಯಕ್ಕೆ ಮುದ್ರೆ ಒತ್ತುವ ಜಾಗ. ಈ ಮಾತನ್ನು ಪ್ರತಿ ಉದ್ಘಾಟಕರೂ ತಮಗೇ ಹೊಳೆಯಿತೆಂಬಂತೆ ಹೇಳುತ್ತಾರೆ, ಪ್ರತಿ ಸಲವೂ ಕಾಕಾ ಬರೆದುಕೊಳ್ಳುತ್ತಾರೆ. ಅವರ ನೋಟಬುಕ್ಕಿನಲ್ಲಿ ‘ಕಮ್ಮಟ = ಟಂಕಸಾಲೆ’ ಎಂಬ ಸಾಲು ಹದಿನಾಲ್ಕು ಕಡೆ ಇದೆ.

ಕಮ್ಮಟದ ದಿನಚರಿ ಬಲ್ಲವರಿಗೆ ಗೊತ್ತು. ಹತ್ತಕ್ಕೆ ಎಂದು ಛಾಪಿಸಿದ್ದು ಹನ್ನೊಂದೂವರೆಗೆ ಶುರು. ಅದಕ್ಕೆ ಮೊದಲು ಶಿರಾ, ಉಪ್ಪಿಟ್ಟು, ಚಾ. ಆಮೇಲೆ ನಾಡಗೀತೆ, ಸಸಿಗೆ ನೀರು, ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನಾ ಭಾಷಣ, ಬರಬೇಕಾಗಿದ್ದ ಗಣ್ಯರು ಬಾರದ್ದಕ್ಕೆ ವಿಷಾದ, ಬಂದವರಿಗೆ ಶಾಲು. ಶಾಲು ಹೊದ್ದವರೆಲ್ಲ ಸಾಲಾಗಿ ಬಸ್ಸಿನ ನೆವ ಹೇಳಿ ಹೋದ ಮೇಲೆ ಊಟ. ಹೀಗೆ ಧಾರವಾಡದಿಂದ ಬಂದ ಸಂಪನ್ಮೂಲ ವ್ಯಕ್ತಿಗಳ ಕೈಗೆ ಶಿಬಿರಾರ್ಥಿಗಳು ಸಿಗುವುದು ಮಧ್ಯಾಹ್ನ ಎರಡೂವರೆಗೆ, ಕಣ್ಣು ಎಳೆಯುವ ಹೊತ್ತಿಗೆ. ಆಗಲೂ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತವರು ಕಾಕಾ ಒಬ್ಬರೇ.

ಅವರದೊಂದು ಕತೆ ಇದೆ. ಅಂದರೆ ಕತೆಯ ಮೊದಲ ಸಾಲು ಇದೆ. ಮೊದಲ ಕಮ್ಮಟದಲ್ಲಿ ಅದು ಹೀಗಿತ್ತು: ‘ಘಟಪ್ರಭೆಯ ದಂಡೆಯ ಮೇಲೆ ಸಂಜೆಗೆಂಪು ಹರಡಿತ್ತು.’

ಓದಿದ ನವ್ಯದವರು, “ಸಂಜೆಗೆಂಪು ಭಾಳ ಹಳೇದಾತ್ರಿ, ತಗೀರಿ” ಅಂದರು. ತೆಗೆದರು. ಮುಂದಿನ ವರ್ಷ ಬಂಡಾಯದವರು ಬಂದರು. “ದಂಡೆ ಅಂತೀರಿ, ಅದು ಯಾರ ಹೊಲದ್ದು? ಗೊತ್ತಿಲ್ಲ ಅಂದ್ರ ದಂಡೆ ಬ್ಯಾಡ.” ದಂಡೆಯೂ ಹೋಯಿತು. ಮೂರನೆಯವರು, “ಘಟಪ್ರಭಾ ಅಂದ್ರ ಹೊಳಿಗೂ ಅದ ಹೆಸರು, ಊರಿಗೂ ಅದ ಹೆಸರು. ಓದಾವ್ರು ಸ್ಟೇಶನ್ನಿನ್ಯಾಗ ಇಳದಗಿಳದಾರು” ಎಂದು ಎಚ್ಚರಿಸಿದರು. ನಾಲ್ಕನೆಯ ಅಕ್ಕಾರು, “ಅಲ್ರೀ ಅಣ್ಣಾರ, ಹೊಳ್ಯಾಗ ಅರಿಬಿ ಒಗ್ಯಾಕತ್ತ ಹೆಣ್ಮಗಳು ಎಲ್ಲಿ ಹೋದಳು?” ಎಂದು ಕೇಳಿದ್ದಕ್ಕೆ ಕಾಕಾ ಒಂದು ವಾರ ನಿದ್ದೆಗೆಟ್ಟರು. ಈಗ ಕತೆಯಲ್ಲಿ ಉಳಿದಿರುವುದು ‘ಹರಡಿತ್ತು’ ಎಂಬ ಒಂದು ಪದ. ಏನು ಹರಡಿತ್ತು ಎಂಬುದು ಮುಂದಿನ ಕಮ್ಮಟದಲ್ಲಿ ತೀರ್ಮಾನವಾಗಬೇಕಿದೆ.

ಹಾಗೆಂದು ಕಾಕಾ ಏನೂ ತಿಳಿಯದವರಲ್ಲ. ಸೀಮೆಯ ಸಾಹಿತ್ಯದ ವಿಷಯಕ್ಕೆ ಬಂದರೆ ನಡೆದಾಡುವ ಗ್ರಂಥಾಲಯ. ಭಾಷಣಕಾರರು, “ಜ್ಞಾನಪೀಠದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಈ ಮಣ್ಣು...” ಎಂದು ಶುರು ಮಾಡಿದರೆ ಹಿಂದಿನಿಂದ ಕೈ ಏಳುತ್ತದೆ: “ಸರ, ಅವ್ರು ಹುಟ್ಟಿದ್ದು ಸವಣೂರಾಗ್ರಿ, 1909ರಾಗ.” ಹುಕ್ಕೇರಿಯಲ್ಲಿ ಹುಕ್ಕೇರಿ ಬಾಳಪ್ಪನವರನ್ನು ಊರಿನ ಮಗ ಎಂದವರಿಗೂ ಇದೇ ಗತಿ, ಆ ಹಾಡುಗಾರ ಮುರಗೋಡದವರು. ಅಡ್ಡಹೆಸರು ನಂಬಿ ಮಣ್ಣಿಗೆ ನಮಸ್ಕಾರ ಮಾಡುವವರಿಗೆ ಕಾಕಾ ಎಂದರೆ ಭಯ.

ನಿಜವಾಗಿ ಈ ಮಣ್ಣಿನವರು ಯಾರೆಂಬುದೂ ಅವರಿಗೆ ಬಾಯಿಪಾಠ. ಆನಂದಕಂದರೆಂಬ ಬೆಟಗೇರಿ ಕೃಷ್ಣಶರ್ಮರು ಗೋಕಾಕ ತಾಲೂಕಿನ ಬೆಟಗೇರಿಯವರು, 1900ರಲ್ಲಿ ಹುಟ್ಟಿದವರು. ಧಾರವಾಡದ ಗೆಳೆಯರ ಗುಂಪಿನಲ್ಲಿ ಬೇಂದ್ರೆಯವರೊಂದಿಗೆ ಕೂತು ಬೆಳೆದರು. ಆ ಗುಂಪನ್ನು ಬೇಕಾದರೆ ಕಮ್ಮಟವೆನ್ನಬಹುದು. ಪ್ರಮಾಣಪತ್ರ ಮಾತ್ರ ಇರಲಿಲ್ಲ. ಮಲಾಮರಡಿಯ ಬಸವರಾಜ ಕಟ್ಟೀಮನಿಯವರು 1919ರವರು, 1942ರ ಚಳವಳಿಯಲ್ಲಿ ಜೈಲು ಕಂಡವರು. ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು. ಕೃಷ್ಣಮೂರ್ತಿ ಪುರಾಣಿಕರು ಗೋಕಾಕದಲ್ಲಿ ಮಾಸ್ತರಿಕೆ ಮಾಡುತ್ತ ಕಾದಂಬರಿಯ ಮೇಲೆ ಕಾದಂಬರಿ ಬರೆದರು; 1977ರಲ್ಲಿ ರಾಜಕುಮಾರ್ ಸನಾದಿ ಹಿಡಿದ ‘ಸನಾದಿ ಅಪ್ಪಣ್ಣ’ ಅವರದೇ ಕತೆ. ಇನ್ನೂ ಹಿಂದಕ್ಕೆ ಹೋದರೆ ಕುಲಗೋಡ ತಮ್ಮಣ್ಣ. ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಆಟದ ರೂಪ ಕೊಟ್ಟ ಆತನಿಗೆ ಬೆಳಗಿನವರೆಗೆ ಕೂತು ನೋಡುವ ಜನರೇ ಸಂಪನ್ಮೂಲ ವ್ಯಕ್ತಿಗಳು. ಅವರು ಟಿಪ್ಪಣಿ ಕೊಡುತ್ತಿರಲಿಲ್ಲ. ಬೇಸರವಾದರೆ ಎದ್ದು ಹೋಗುತ್ತಿದ್ದರು.

ಇಷ್ಟೆಲ್ಲ ಹೇಳಿ ಕಾಕಾ ನಿಟ್ಟುಸಿರು ಬಿಡುತ್ತಾರೆ: “ಅವ್ರಿಗೆಲ್ಲಾ ಕಮ್ಮಟದ ಅನುಕೂಲ ಇರಲಿಲ್ಲ ನೋಡ್ರಿ. ಇದ್ದಿದ್ರ ಎಷ್ಟ ಬರೀತಿದ್ರೋ!”

ಕಾಕಾಗೆ ಹೊಟ್ಟೆನೋವು ತರುವವನು ಒಬ್ಬನೇ, ಓಣಿಯ ಟ್ರ್ಯಾಕ್ಟರ್ ಹುಡುಗ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು, ಇಡೀ ಓಣಿಗೆ ಕೇಳುವಂತೆ ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೋಗುತ್ತಾನೆ. ಆ ಹಾಡು ಬರೆದವನೂ ಅವನೇ. ಕಾರ್ಖಾನೆಯ ಮುಂದೆ ಸಾಲಿನಲ್ಲಿ ರಾತ್ರಿ ಕಾಯುವಾಗ ಮೊಬೈಲಿನಲ್ಲಿ ಗೀಚಿ, ವಾರದೊಳಗೆ ಯಾರದೋ ದನಿಯಲ್ಲಿ ಹಾಡಿಸಿ ಯೂಟ್ಯೂಬಿಗೆ ಬಿಡುತ್ತಾನೆ. ಪ್ರಾಸವೊಂದೇ ಅವನ ಸಿದ್ಧಾಂತ. ಕಾಕಾ ಒಮ್ಮೆ ಕರೆದು, “ತಮ್ಮಾ, ನಿನ್ನ ಹಾಡಿನ್ಯಾಗ ರೂಪಕ ಇಲ್ಲ” ಅಂದರು. ಹುಡುಗ ಸೌಜನ್ಯದಿಂದಲೇ ಕೇಳಿದ: “ಎಲ್ಲಿ ಸಿಗತೈತ್ರಿ ಕಾಕಾ? ತಂದ ಹಾಕೂಣು.”

ಮನೆಯಲ್ಲಿ ಕಾಕಾನ ಪ್ರಮಾಣಪತ್ರಗಳು ಲ್ಯಾಮಿನೇಶನ್ ಆಗಿ ಟ್ರಂಕಿನಲ್ಲಿವೆ. ಒಂದನ್ನು ಕಾಕಿ ರೊಟ್ಟಿ ಬುಟ್ಟಿಯ ತಳಕ್ಕೆ ಹಾಕಿದ್ದಾರೆ; ಹಸಿ ಹಿಡಿಯುವುದಿಲ್ಲ, ಒರೆಸಿದರೆ ಸ್ವಚ್ಛ. ‘ಯಶಸ್ವಿಯಾಗಿ ಪೂರೈಸಿರುತ್ತಾರೆ’ ಎಂಬ ಭಾಗ ಮೇಲೆ ಕಾಣುತ್ತದೆ.

ಕಾಕಾನ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಸುತ್ತಲ ರೈತರು ಅರ್ಜಿ ಬರೆಸಲು ಬರುವುದು ಅವರ ಕಟ್ಟೆಗೇ. ಹೋದ ಬೇಸಿಗೆಯಲ್ಲಿ ಒಬ್ಬ ಬಂದು, “ಕರೆಂಟಿನ ಟಿ.ಸಿ. ಸುಟ್ಟೈತ್ರಿ ಕಾಕಾ, ಯಾರೂ ಹಣಿಕಿ ಹಾಕವಲ್ರು” ಅಂದ. ಚಾ ಆರುವಷ್ಟರಲ್ಲಿ ಅರ್ಜಿ ಸಿದ್ಧ: ‘ಟಿ.ಸಿ. ಸುಟ್ಟು ಹನ್ನೊಂದು ದಿನ. ಬಾವಿಯಲ್ಲಿ ನೀರಿದೆ, ಕಬ್ಬಿನಲ್ಲಿಲ್ಲ. ಕಬ್ಬಿಗೆ ಬರೆಯಲು ಬಾರದ ಕಾರಣ ಅದರ ಪರವಾಗಿ ನಾನು ಬರೆಯುತ್ತಿದ್ದೇನೆ.’ ಒಂದು ಪದವನ್ನೂ ಹೊಡೆದು ಹಾಕಿರಲಿಲ್ಲ.

ಪಕ್ಕದಲ್ಲಿದ್ದ ಟ್ರ್ಯಾಕ್ಟರ್ ಹುಡುಗ ಅದನ್ನು ಎರಡು ಸಲ ಓದಿದ. “ಕಾಕಾ, ಇದ ಕತಿ ಆತಲ್ರಿ!”

“ಹುಚ್ಚಪ್ಯಾಲಿ, ಇದು ಅರ್ಜಿ” ಎಂದು ಕಾಕಾ ಪೆನ್ನಿನ ಟೊಪ್ಪಿಗೆ ಹಾಕಿದರು. “ಕತಿ ಬರ್ಯಾಕ ಇನ್ನೂ ಕಲಿಯೂದೈತಿ.”

ಮುಂದಿನ ಕಮ್ಮಟ ಮೂಡಲಗಿಯಲ್ಲಿ, ಎರಡು ದಿನ. ನೋಂದಣಿ ಪುಸ್ತಕದಲ್ಲಿ ಒಂದನೇ ಹೆಸರು ಕಾಕಾನದು. ಎರಡನೆಯದು ಟ್ರ್ಯಾಕ್ಟರ್ ಹುಡುಗನದು. ಬರುವ ಕಾರಣ ಎಂಬಲ್ಲಿ ‘ರೂಪಕ’ ಎಂದು ತುಂಬಿದ್ದಾನೆ.