ನೆಂಟಸ್ತಿಕೆ: ಕೊರೊನಾ ಮಾದರಿಯ ಬಳಕೆದಾರರ ಕೈಪಿಡಿ

ನೆಂಟರು, ನೆರೆಹೊರೆ ಮತ್ತು ಗೆಳೆಯರನ್ನು ಒಳಗೊಂಡ ಈ ಉಪಕರಣವನ್ನು ಆಯ್ದುಕೊಂಡಿದ್ದಕ್ಕೆ ಧನ್ಯವಾದಗಳು. ನೀವು ಆಯ್ದುಕೊಂಡದ್ದಲ್ಲ, ಹುಟ್ಟಿನೊಂದಿಗೇ ಗಂಟುಬಿದ್ದದ್ದು ಎಂಬುದು ನಮಗೂ ಗೊತ್ತು. ಆದರೆ ಕೈಪಿಡಿಗಳು ಹೀಗೇ ಶುರುವಾಗಬೇಕು. 2020ರ ಮಾರ್ಚ್ 25ರಂದು, ಅದೂ ಯುಗಾದಿಯ ದಿನವೇ, ದೇಶಕ್ಕೆಲ್ಲ ಬೀಗ ಬಿದ್ದಾಗ ಇದರ ಹಳೆಯ ಮಾದರಿ ನಿಂತುಹೋಯಿತು. ಆಮೇಲೆ ನಾವೆಲ್ಲ ಬಳಸಿದ್ದು ಕೊರೊನಾ ಮಾದರಿ. ಅದರ ಜೊತೆ ಕೈಪಿಡಿ ಬಂದಿರಲಿಲ್ಲ. ಪ್ರಧಾನಿ, ಮುಖ್ಯಮಂತ್ರಿ, ಜಿಲ್ಲಾಧಿಕಾರಿ ಮತ್ತು ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಹೊರಡಿಸಿದ ಆದೇಶಗಳು ಮಾತ್ರ ಬಂದವು. ಇಲ್ಲಿ ಕೊಟ್ಟಿರುವುದು ಆ ಆದೇಶಗಳನ್ನಲ್ಲ, ನಾವು ನಿಜವಾಗಿ ಪಾಲಿಸಿದ ನಿಯಮಗಳನ್ನು. ಇನ್ನೊಂದು ರೋಗ ಬಂದರೆ ಹುಡುಕಾಡುವುದು ಬೇಡ.

ಬಳಕೆಗೆ ಮುನ್ನ

ಮೊದಲನೆಯ ನಿಯಮ ಇದು, ಉಳಿದವೆಲ್ಲ ಇದರ ಕೆಳಗೆ: ನಮ್ಮವರಿಗೆ ಕೊರೊನಾ ಇರುವುದಿಲ್ಲ. ತರಕಾರಿ ಗಾಡಿಯವನಿಗೆ ಇರುತ್ತದೆ, ಹಾಲಿನ ಹುಡುಗನಿಗೆ ಇರುತ್ತದೆ, ಮನೆಗೆಲಸಕ್ಕೆ ಬರುವಾಕೆಗಂತೂ ಇದ್ದೇ ಇರುತ್ತದೆ. ಮೂರು ಜಿಲ್ಲೆ ಸುತ್ತಿ ಬಂದ ಚಿಕ್ಕಮ್ಮನ ಮಗನಿಗೆ ಇರುವುದಿಲ್ಲ. "ಅವನು ತುಂಬ ಹುಷಾರು ಕಣೇ, ಸ್ಯಾನಿಟೈಸರ್ ಜೇಬಲ್ಲೇ ಇಟ್ಕೊಂಡಿರ್ತಾನೆ."

ವಿಜ್ಞಾನ ಹೇಳುತ್ತಿದ್ದುದು ತದ್ವಿರುದ್ಧ. ಈ ವೈರಾಣು ಸಲೀಸಾಗಿ ಹಬ್ಬುವುದು ಗಾಳಿಯಾಡದ ಕೋಣೆಯಲ್ಲಿ ಹತ್ತಿರ ಹತ್ತಿರ ಕೂತು ಹೊತ್ತುಗಟ್ಟಲೆ ಮಾತಾಡುವಾಗ, ನಗುವಾಗ, ಉಣ್ಣುವಾಗ. ಅಂದರೆ ನೆಂಟರ ಮನೆಯಲ್ಲಿ. ಗೇಟಿನಾಚೆ ನಿಂತು ಎರಡು ಕಟ್ಟು ಕೊತ್ತಂಬರಿ ಕೊಟ್ಟು ಹೋಗುವವನಿಂದ ಅಪಾಯ ಬಹಳ ಕಡಿಮೆ. ಆದರೆ ಕೊತ್ತಂಬರಿಯನ್ನು ಅಡುಗೆ ಸೋಡಾ ನೀರಲ್ಲಿ ಅದ್ದಿ ತೆಗೆಯಬಹುದು, ಭಾವಮೈದುನನನ್ನು ಅದ್ದುವುದು ಕಷ್ಟ. ಆದ್ದರಿಂದ ಕೊತ್ತಂಬರಿಯನ್ನೇ ಅದ್ದಿ.

ಮಾಸ್ಕಿನ ಎತ್ತರ ಹೊಂದಿಸುವುದು

ಮಾಸ್ಕ್ ಎಷ್ಟು ಮೇಲಿರಬೇಕು ಎಂಬುದು ಎದುರಿಗಿರುವವರ ಅಂತಸ್ತನ್ನು ಅವಲಂಬಿಸಿದೆ. ಆಟೋದವನ ಹಿಂದೆ ಕೂತಾಗ ಮೂಗಿನ ಮೇಲೆ. ಸಾಹೇಬರ ಮುಂದೆ ಮೂಗಿನ ಕೆಳಗೆ, "ಸರಿ ಸಾರ್" ಅಂದದ್ದು ಅವರಿಗೆ ಕೇಳಿಸಬೇಕಲ್ಲ. ಗೆಳೆಯರ ನಡುವೆ ಗದ್ದದ ಮೇಲೆ. ಬೀಗರ ಎದುರು ಜೇಬಿನಲ್ಲಿ. ಅಲ್ಲಿ ಹಾಕಿಕೊಂಡರೆ ಅವರನ್ನು ಶಂಕಿಸಿದಂತೆ. ಫೋಟೊ ತೆಗೆಯುವಾಗ ಮಾಸ್ಕ್ ಎಂಬುದೇ ಇಲ್ಲ. ದಂಡದ ಭಯ ಬೇಡ: ಬೆಂಗಳೂರಿನಲ್ಲಿ ಅದನ್ನು 1000 ರೂಪಾಯಿಗೆ ಏರಿಸಿದ ಸರ್ಕಾರವೇ ಜನ ಕೂಗಾಡಿದ ಮೇಲೆ 2020ರ ಅಕ್ಟೋಬರಿನಲ್ಲಿ 250ಕ್ಕೆ ಇಳಿಸಿತು. ಚೌಕಾಸಿ ಮಾಡಿದರೆ ಯಾವ ದರವೂ ಇಳಿಯುತ್ತದೆ ಎಂಬ ನಮ್ಮ ನಂಬಿಕೆ ಅಲ್ಲಿಗೆ ಗಟ್ಟಿಯಾಯಿತು.

ಮದುವೆ ಜೋಡಣೆ (ಸಾವಧಾನವಾಗಿ ಓದಿ)

2020ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ಮದುವೆಗೆ 50 ಜನ, ಅಂತ್ಯಕ್ರಿಯೆಗೆ 20 ಜನ ಎಂದು ಮಿತಿ ಹಾಕಿತು. ಸೆಪ್ಟೆಂಬರ್ 21ರಿಂದ ಅದು 100ಕ್ಕೆ ಏರಿತು. 2021ರ ಏಪ್ರಿಲ್ ಕೊನೆಗೆ, ಎರಡನೇ ಅಲೆ ಮೈಮೇಲೆ ಬಂದಾಗ, ನಮ್ಮ ರಾಜ್ಯದಲ್ಲಿ ಮತ್ತೆ 50. ಸಾವಿರ ಎಲೆ ಹಾಕಿಸಿದರೂ ಕೊನೇ ಪಂಕ್ತಿಗೆ ಪಾಯಸ ಸಾಲದೆ ಹೋಗುವ ನಾಡಿಗೆ ಈ ಅಂಕಿ ಕೊಟ್ಟರು.

ಪಟ್ಟಿಗೆ ಪೆನ್ಸಿಲ್ ಬಳಸಿ, ಪೆನ್ನು ಬೇಡ. ಐವತ್ತರಲ್ಲಿ ಗಂಡಿನ ಕಡೆಗೆ ಇಪ್ಪತ್ತೈದು, ಹೆಣ್ಣಿನ ಕಡೆಗೆ ಇಪ್ಪತ್ತೈದು. ಗಂಡಿನ ಕಡೆಯವರು ಮೂವತ್ತೈದು ಎನ್ನುತ್ತಾರೆ, ಅದನ್ನು ಒಪ್ಪಿಕೊಳ್ಳಿ. ನಿಮ್ಮ ಪಾಲಿನಲ್ಲಿ ಪುರೋಹಿತರು, ಓಲಗದವರು, ಅಡುಗೆಯವರು, ಫೋಟೊದವರನ್ನು ಕಳೆಯಿರಿ. ಹೆಣ್ಣಿನ ತಂದೆ ತಾಯಿ ಬರಲು ಈಗ ಜಾಗ ಇದೆಯೇ ನೋಡಿ.

ಇಲ್ಲಿಂದ ನಿಜವಾದ ಕೆಲಸ ಶುರು. ಹಳೇ ಮೈಸೂರು ಕಡೆಯವರಾದರೆ ಟ್ರಂಕಿನಿಂದ ಮುಯ್ಯಿ ಪುಸ್ತಕ ಹೊರತೆಗೆಯಿರಿ. ಯಾರ ಮದುವೆಗೆ ನೀವು ಎಷ್ಟು ಹಾಕಿದಿರಿ, ಯಾರು ನಿಮಗೆ ಸ್ಟೀಲ್ ಕೊಳಗ ಕೊಟ್ಟರು, ಯಾರು 101 ರೂಪಾಯಿಯಲ್ಲಿ ಮುಗಿಸಿದರು, ಎಲ್ಲ ಅದರಲ್ಲಿದೆ. ನಾವು ಪ್ರೀತಿ ವಿಶ್ವಾಸ ಎಂದು ಕರೆಯುವುದರ ಲೆಕ್ಕಪತ್ರ ಅದು. ವರ್ಷಗಟ್ಟಲೆ ಊರೂರು ತಿರುಗಿ ಹಾಕಿದ ಮುಯ್ಯಿ ವಾಪಸು ಬರಬೇಕಾದ ದಿನವೇ ಐವತ್ತು ಅಂದರೆ ಯಾವ ಗೃಹಸ್ಥ ತಾನೇ ಸುಮ್ಮನಿರುತ್ತಾನೆ? ದೋಷ ನಿವಾರಣೆ: 'ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ' ಎಂಬ ಸಾಲು ತೆಗೆದು 'ನೀವಿರುವಲ್ಲಿಂದಲೇ ಆಶೀರ್ವದಿಸಿ' ಎಂದು ಹಾಕಿಸಿ. ಅದರ ಕೆಳಗೆ ಫೋನ್‌ಪೇ ಕೋಡ್ ಮುದ್ರಿಸಿದರೆ ತಪ್ಪಿಲ್ಲ. ಆಶೀರ್ವಾದ ಯಾವ ದಾರಿಯಲ್ಲಿ ಬಂದರೂ ಆಶೀರ್ವಾದವೇ.

ಪಟ್ಟಿಯಿಂದ ಹೊರಬಿದ್ದವರು ಫೋನ್ ಮಾಡುತ್ತಾರೆ. ಆ ಸಂಭಾಷಣೆ ಹೀಗಿರಬೇಕು:

"ಏನ್ ಅತ್ತಿಗೆ, ನಮ್ಮನ್ನೆಲ್ಲ ಮರೆತೇಬಿಟ್ರಾ?"

"ಅಯ್ಯೋ, ಐವತ್ತೇ ಅಂತೆ ಕಣಮ್ಮಾ. ತಹಸೀಲ್ದಾರ್ರು ಬಂದು ತಲೆ ಎಣಿಸ್ತಾರಂತೆ. ಇಲ್ದಿದ್ರೆ ನಿನ್ನ ಬಿಟ್ಟು ಮಾಡ್ತಿದ್ನಾ?"

"ಮತ್ತೆ ರಾಮನಗರದವ್ರು ಬರ್ತಾರಂತೆ?"

ಇಲ್ಲಿ ಲೈನ್ ಕಟ್ ಆಗಬೇಕು. ಮತ್ತೆ ಫೋನ್ ಬಂದರೆ ಎತ್ತಬೇಡಿ. ರೋಗದ ವಿರುದ್ಧ ಹೋರಾಡಬೇಕು, ರೋಗಿಯ ವಿರುದ್ಧ ಅಲ್ಲ ಎಂಬ ಸರ್ಕಾರದ ಕಾಲರ್ ಟ್ಯೂನನ್ನು ಅವರು ಪೂರ್ತಿ ಕೇಳಿಸಿಕೊಳ್ಳಲಿ.

ಜಾಣರು ಕಂಡುಕೊಂಡ ಇನ್ನೊಂದು ದಾರಿ ಉಂಟು. ಚಪ್ಪರಕ್ಕೆ ಐವತ್ತು, ಧಾರೆಗೆ ಬೇರೆ ಐವತ್ತು, ಆರತಕ್ಷತೆಗೆ ಮತ್ತೈವತ್ತು, ಬೀಗರ ಊಟಕ್ಕೆ ಐವತ್ತು. ಆದೇಶ ಮುರಿದಂತಾಗಲಿಲ್ಲ, ಸೋಂಕಿಗೂ ನಾಲ್ಕು ಅವಕಾಶ ಸಿಕ್ಕಿತು.

ಉಳಿದವರು ಯೂಟ್ಯೂಬ್ ಲೈವ್‌ನಲ್ಲಿ ನೋಡಲಿ. ಅಂಥ ಒಂದು ಮಾಂಗಲ್ಯಧಾರಣೆಯನ್ನು ನಾನು ನೋಡಿದ್ದೇನೆ. "ಗಟ್ಟಿಮೇಳ" ಎಂಬ ಕೂಗು ಕೇಳಿತು, ಓಲಗ ಜೋರಾಯಿತು, ಪರದೆಯ ತುಂಬ ಫೋಟೊದವನ ನೀಲಿ ಚೌಕಳಿ ಶರಟಿನ ಬೆನ್ನು. ಆ ಬೆನ್ನಿನ ಅಂಚಿನಲ್ಲಿ ಬಾಸಿಂಗದ ಒಂದು ತುದಿ ಬಂದು ಹೋಗುತ್ತಿತ್ತು. ಕೆಳಗೆ ಕಾಮೆಂಟುಗಳು ಓಡಿದವು: "ಸ್ವಲ್ಪ ಸರೀರೀ", "ಸೌಂಡ್ ಇಲ್ಲ", "ಸೀರೆ ಯಾವ ಕಲರ್ರು ಕಾಣ್ತಿಲ್ಲ", "ಊಟಕ್ಕೆ ಏನು ಮಾಡಿಸಿದ್ದೀರಿ?" ಅವನು ಸರಿಯುವ ಹೊತ್ತಿಗೆ ಹುಡುಗಿ ಕಣ್ಣೊರೆಸಿಕೊಂಡಾಗಿತ್ತು. ಅಕ್ಷತೆ ಕೈಯಲ್ಲಿ ಹಿಡಿದಿದ್ದ ನಮ್ಮ ಮನೆಯ ಹಿರಿಯರು ಅದನ್ನು ಟಿವಿಯ ಮೇಲೇ ಹಾಕಿದರು.

ಸರಳವಾಗಿ ಮದುವೆಯಾಗಿ ಎಂದು ಕುವೆಂಪು ಮಂತ್ರಮಾಂಗಲ್ಯವನ್ನೇ ರೂಪಿಸಿಕೊಟ್ಟರು, ಮಗ ತೇಜಸ್ವಿಯ ಮದುವೆಯನ್ನು 1966ರಲ್ಲಿ ಹಾಗೇ ಮಾಡಿಸಿದರು. ಅದನ್ನು ಭಾಷಣದಲ್ಲಿ ಹೊಗಳಿ ಛತ್ರ ಬುಕ್ ಮಾಡುತ್ತಿದ್ದ ನಾವು ಒಂದು ಸುತ್ತೋಲೆಗೆ ಬಗ್ಗಿದೆವು. ಸಾಲವಿಲ್ಲದೆ ಮಗಳ ಮದುವೆ ಮಾಡಿದ ಎಷ್ಟೋ ತಂದೆಯರು ಆ ಕಾಲವನ್ನು ಒಳಗೊಳಗೇ ಹರಸಿರಬೇಕು. ಮಿತಿ ಹೋದದ್ದೇ ತಡ, ಛತ್ರಗಳು ಮತ್ತೆ ತುಂಬಿದವು.

ಹೊರಗಿನಿಂದ ಬಂದವರನ್ನು ಇಟ್ಟುಕೊಳ್ಳುವುದು

ಅಮೆರಿಕದಿಂದ ಮಗ ಬಂದಿದ್ದಾನೆ ಎಂಬುದನ್ನು 2020ರ ಜನವರಿಯವರೆಗೆ ಬೀದಿಗೆಲ್ಲ ಸಾರಬಹುದಿತ್ತು, ಚಾಕಲೇಟ್ ಹಂಚಬಹುದಿತ್ತು. ಮಾರ್ಚ್ ನಂತರ ಕಿಟಕಿ ಮುಚ್ಚಿ. ಅವನ ಕೈಗೆ ಅಳಿಸದ ಶಾಯಿಯ ಮೊಹರು ಬಿದ್ದಿರುತ್ತದೆ, ಬಾಗಿಲಿಗೆ ನೋಟಿಸು ಅಂಟಿರುತ್ತದೆ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರದ ಕ್ವಾರಂಟೈನ್ ವಾಚ್ ಆ್ಯಪ್‌ಗೆ ಕಳಿಸಬೇಕು. ದೂರದಲ್ಲಿದ್ದಾಗ ವಾರಕ್ಕೊಂದು ಫೋಟೊ ಕಳಿಸೆಂದು ತಾಯಿ ಗೋಗರೆದರೂ ಕಳಿಸದಿದ್ದ ಮಗ ಸರ್ಕಾರಕ್ಕೆ ಗಂಟೆಗೊಂದು ಕಳಿಸಿದ.

ಬೀದಿಯವರು ಆರೋಗ್ಯ ಇಲಾಖೆಯ ಸಂಜೆ ಬುಲೆಟಿನ್‌ಗೆ ಕಾದಿರುತ್ತಾರೆ. ರೋಗಿಯ ಹೆಸರಿಲ್ಲ, ಪಿ ಅಕ್ಷರದ ಮುಂದೆ ಒಂದು ಸಂಖ್ಯೆ. ವಯಸ್ಸು, ಲಿಂಗ, ಜಿಲ್ಲೆ, ಯಾರ ಸಂಪರ್ಕದಿಂದ ಬಂತು ಎಂಬ ವಿವರ. ವಂಶವೃಕ್ಷ ಬಿಡಿಸುವುದರಲ್ಲಿ ಪಳಗಿದ ನಮ್ಮವರಿಗೆ ಇಷ್ಟು ಸಾಕು. "ಮೂವತ್ನಾಲ್ಕು ವರ್ಷ, ಗಂಡಸು, ಬೆಂಗಳೂರು ನಗರ... ಮೂರನೇ ಕ್ರಾಸಿನವನೇ!" ರೋಗಿಗಳು ಹೆಚ್ಚಾಗಿ, ಸಂಪರ್ಕ ಪತ್ತೆ ಹಚ್ಚಲಾಗುತ್ತಿದೆ ಎಂಬ ಒಂದೇ ಸಾಲು ಬರತೊಡಗಿದಾಗ ಈ ಆಟದ ಸ್ವಾರಸ್ಯ ಹೋಯಿತು.

ನೀವೇ ಹಳ್ಳಿಗೆ ಹೊರಟಿದ್ದರೆ: "ಹಬ್ಬಕ್ಕಾದ್ರೂ ಬಾರಪ್ಪಾ" ಎಂದು ಪ್ರತಿ ವರ್ಷ ಕರೆಯುತ್ತಿದ್ದ ಊರು ಈಗ ರಸ್ತೆಗೆ ಮುಳ್ಳು ಎಳೆದು ಬೋರ್ಡು ಹಾಕಿದೆ. ಬೋರ್ಡಿನ ಪಕ್ಕ ಕಾವಲಿಗೆ ಕೂತವನು ನಿಮ್ಮ ಚಡ್ಡಿ ದೋಸ್ತನೇ. ಅವನನ್ನು ಬೈಯಬೇಡಿ, ಬೆಂಗಳೂರಿನಲ್ಲಿ ನೀವು ಗೇಟಿನ ವಾಚ್‌ಮನ್‌ಗೆ ಹೇಳಿಕೊಟ್ಟದ್ದೂ ಇದನ್ನೇ.

ಕೆಲಸದವರು

ಕೆಲಸದಾಕೆ ಲಿಫ್ಟ್ ಹತ್ತುವಂತಿಲ್ಲ ಎಂದು ಚೀಟಿ ಅಂಟಿಸಿ. ಗೇಟಿನಲ್ಲಿ ಅವಳ ಹಣೆಗೆ ಬಿಸಿ ಅಳೆಯುವ ಗನ್ ಹಿಡಿಯಿರಿ. ನಿವಾಸಿಗಳ ಹಣೆಗೆ ಹಿಡಿದರೆ ಅವರಿಗೆ ಕೋಪ ಬರುತ್ತದೆ. ಅವಳಿಗೊಂದು ಬೇರೆ ಲೋಟ ಇಡಿ. ಅದು ಮೊದಲಿಂದಲೂ ಬೇರೆಯೇ ಇತ್ತು, ಈಗ ಅದಕ್ಕೊಂದು ವೈಜ್ಞಾನಿಕ ಕಾರಣ ಸಿಕ್ಕಿತು. ಮುಟ್ಟದಿರುವುದರಲ್ಲಿ ನಮಗೆ ಯಾವ ತರಬೇತಿಯೂ ಬೇಕಿರಲಿಲ್ಲ. ಎರಡು ತಿಂಗಳು ಬರಬೇಡ ಎಂದು ಕಳಿಸಿದಿರಿ ಸರಿ, ಸಂಬಳದ ಮಾತು ಬಂದಾಗ "ಕೆಲಸಾನೇ ಮಾಡಿಲ್ವಲ್ಲ" ಎನ್ನಿ. ನಿಮ್ಮ ಕಂಪನಿ ನಿಮಗೆ ಇದೇ ಮಾತು ಹೇಳಿದ್ದರೆ ಫೇಸ್‌ಬುಕ್‌ನಲ್ಲಿ ಬರೆಯುತ್ತಿದ್ದಿರಿ.

ಬರುವುದಿಲ್ಲ ಎನ್ನುವುದು

ಕರೆದರೆ ಬರುತ್ತೇವೆ ಎನ್ನದೆ ನಮಗೆ ಗತಿಯಿರಲಿಲ್ಲ. ಗೃಹಪ್ರವೇಶ, ನಾಮಕರಣ, ಮುಂಜಿ ಯಾವುದಕ್ಕೂ ನೇರವಾಗಿ ಇಲ್ಲ ಎಂದವರಿಲ್ಲ. ಕೊರೊನಾ ಮಾದರಿಯಲ್ಲಿ ಈ ಸೌಲಭ್ಯ ಹೊಸದಾಗಿ ಬಂತು: "ಸ್ವಲ್ಪ ಗಂಟಲು ಕೆರೆತ" ಅಂದರೆ ಸಾಕು, ಕರೆದವರೇ ಕೈಮುಗಿದು ಬರಬೇಡಿ ಎನ್ನುತ್ತಾರೆ. ಮಿತವಾಗಿ ಬಳಸಿ. ಒಂದೇ ಮನೆಗೆ ಎರಡು ಸಲ ಹೇಳಿದರೆ ಅಮೃತಬಳ್ಳಿ ಕಷಾಯ ಹೊತ್ತು ಅವರೇ ನಿಮ್ಮ ಬಾಗಿಲಿಗೆ ಬರುವ ಸಂಭವವಿದೆ.

ಸಾವಿನ ಮನೆ

ಇದಕ್ಕೆ ಸೂಚನೆ ಬರೆಯಲು ಕೂತು ಬಿಟ್ಟುಬಿಟ್ಟೆ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಮೊದಲನೆಯ ನಿಯಮ ತಲೆಕೆಳಗಾಯಿತು. ಅಲ್ಲಿಯವರೆಗೆ ನಮ್ಮವರಿಗೆ ಸೋಂಕೇ ಇಲ್ಲ ಎನ್ನುತ್ತಿದ್ದವರು ನಮ್ಮವರ ಹೆಣದ ಹತ್ತಿರ ಹೋಗಲು ಹೆದರಿದರು. ಕೆಲವರು ತಾವೇ ಆಸ್ಪತ್ರೆಯಲ್ಲಿದ್ದರು, ಕೆಲವರಿಗೆ ಊರು ದಾಟಲಾಗಲಿಲ್ಲ, ಅದೂ ನಿಜ. ಹೆಗಲು ಕೊಟ್ಟವರು ಆಂಬುಲೆನ್ಸ್ ಚಾಲಕರು, ಚಿತಾಗಾರದ ನೌಕರರು, ಹೆಸರು ಕೇಳದ ಸ್ವಯಂಸೇವಕರು. ಮೂಗಿನ ಮೇಲೆ ಮಾಸ್ಕ್ ಏರಿಸಿ ನಾವು ಯಾರಿಂದ ದೂರ ನಿಲ್ಲುತ್ತಿದ್ದೆವೋ ಅಂಥವರೇ. ಬೆಂಗಳೂರಿನ ಚಿತಾಗಾರಗಳಲ್ಲಿ ಯಾರೂ ಒಯ್ಯದೆ ಉಳಿದ 500ಕ್ಕೂ ಹೆಚ್ಚು ಮಂದಿಯ ಚಿತಾಭಸ್ಮವನ್ನು 2021ರ ಜೂನ್ 2ರಂದು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿ ಬಳಿ ಸರ್ಕಾರವೇ ಕಾವೇರಿಯಲ್ಲಿ ಬಿಟ್ಟಿತು. ಕಂದಾಯ ಸಚಿವರು ನಿಂತು ವಿಧಿ ಮಾಡಿಸಿದರು.

ಖಾತರಿ ಮತ್ತು ಬಾಕಿ

ಈ ಉಪಕರಣಕ್ಕೆ ಯಾವ ಖಾತರಿಯೂ ಇಲ್ಲ. ಮುನಿಸಿಕೊಂಡ ನೆಂಟರು ಒಂದೆರಡು ಆರತಕ್ಷತೆಯಲ್ಲಿ ಸರಿಹೋಗುತ್ತಾರೆ, ಮುಯ್ಯಿಯೂ ಇಂದಲ್ಲ ನಾಳೆ ವಸೂಲಾಗುತ್ತದೆ. ಪುಸ್ತಕದಲ್ಲಿ ಬರೆದಿಡದ ಬಾಕಿ ಒಂದಿದೆ. ಲಾಕ್‌ಡೌನಿನಲ್ಲಿ ಮನೆಗೆಲಸದಾಕೆಗೆ ಕೊಡದೆ ಹಿಡಿದಿಟ್ಟುಕೊಂಡ ಆ ಎರಡು ತಿಂಗಳ ಸಂಬಳ ಇನ್ನೂ ನಿಮ್ಮಲ್ಲೇ ಇದ್ದರೆ, ಆಕೆಯ ನಂಬರು ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ, ದಯವಿಟ್ಟು ಈ ವಾರ ಕೊಟ್ಟುಬಿಡಿ.