ಕಾಡಿನಲ್ಲೊಂದು ಪ್ಲಗ್ ಪಾಯಿಂಟ್

ಅಮೆರಿಕದಲ್ಲಿ ಆರ್‌ವಿ ಎಂದರೆ ಅಡುಗೆಮನೆ, ಹಾಸಿಗೆ, ಕಕ್ಕಸು ಸಮೇತ ಹೆದ್ದಾರಿಯಲ್ಲಿ ಓಡುವ ಮನೆ. ಹತ್ತಿದವರಿಗೆ ಕಾಡೂ ಬೇಕು, ಎ.ಸಿ.ಯೂ ಬೇಕು. ಅಲ್ಲಿನ ನ್ಯಾಷನಲ್ ಫಾರೆಸ್ಟುಗಳಲ್ಲಿ ಜಾಗಕ್ಕೇನು ಬರ? ಎಷ್ಟೋ ಕಡೆ 14 ದಿನ ಪುಕ್ಕಟೆ ಬೀಡುಬಿಡಬಹುದು. ಆದರೆ ಕರೆಂಟು, ನಲ್ಲಿ, ಚರಂಡಿ ಮೂರೂ ಇರುವ ತಾಣ ಹುಡುಕುವುದೆಂದರೆ ಕೈತುಂಬ ಸಂಬಳ, ಸ್ವಂತ ಮನೆ ಇದ್ದೂ ಅತ್ತೆಯಿಲ್ಲದ ವರನನ್ನು ಹುಡುಕಿದಂತೆ. ಸರ್ಕಾರಿ ಬುಕಿಂಗ್ ವೆಬ್‌ಸೈಟಾದ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ‘ಎಲೆಕ್ಟ್ರಿಕ್’ ಎಂದು ಸೋಸಿದರೆ ಸಾಕು, ಉದ್ದನೆಯ ಪಟ್ಟಿ ಸೊರಗಿ ಕಡ್ಡಿಯಾಗುತ್ತದೆ. ಹಲವು ತಾಣಗಳಿಗೆ ಆರು ತಿಂಗಳ ಮೊದಲೇ ಬುಕಿಂಗು. ರಜೆ ಸಿಗುತ್ತದೋ ಇಲ್ಲವೋ, ದೇವರೇ ಬಲ್ಲ!

ತಾಣ ಸಿಕ್ಕಿತೆನ್ನಿ. ಅಲ್ಲಿನ ಕರೆಂಟು ಕಂಬದಲ್ಲಿರುವುದು 30 ಆಂಪ್. ಎ.ಸಿ., ಗೀಸರು, ಮೈಕ್ರೋವೇವ್ ಒಟ್ಟಿಗೆ ಹಾಕಿದರೆ ಬ್ರೇಕರ್ ‘ಟಪ್’. ಆಮೇಲೆ ಸೆಖೆಯೋ, ತಣ್ಣೀರೋ, ಆರಿದ ಸಾರೋ ಎಂಬುದನ್ನು ಗಂಡಹೆಂಡಿರೇ ತೀರ್ಮಾನಿಸಿಕೊಳ್ಳಬೇಕು.